ಇಂಗ್ಲಿಷ್ ಓದಿದರೆ ಪದ ತಾನಾಗೇ ಬರುತ್ತಾ? ಆಸಕ್ತಿ ಸಾಕಾ, ಮೊದಲೇ ಭಾಷೆ ಬರಬೇಕಾ?

ಸಂಜೆ_ಟ್ಯೂಷನ್, ಕಲಬುರಗಿ

ಎಲ್ಲರಿಗೂ ಶರಣು. ಬ್ರಹ್ಮಪುರದ ಕಡೆ ಮನೆಯಲ್ಲೇ ಸಂಜೆ ಟ್ಯೂಷನ್ ನಡೆಸುತ್ತೇನೆ. ಎಂಟರಿಂದ ಹತ್ತನೇ ಕ್ಲಾಸಿನವರು, ಜಾಸ್ತಿ ಕನ್ನಡ ಮಾಧ್ಯಮದವರೇ. ಒಂದು ವಿಷಯ ಕೆಲವು ದಿನದಿಂದ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನನ್ನ ಹತ್ತಿರ ಇಬ್ಬರು ಹುಡುಗರಿದ್ದಾರೆ. ಒಬ್ಬ ಭಾರಿ ಶಿಸ್ತಿನವನು. ದಿನಾ ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದುತ್ತಾನೆ, ಗೊತ್ತಿಲ್ಲದ ಪದದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ, ನೋಟ್‌ಬುಕ್ಕಿನಲ್ಲಿ ಅರ್ಥ. ಇನ್ನೊಬ್ಬನಿಗೆ ಕ್ರಿಕೆಟ್ ಬಿಟ್ಟು ಬೇರೆ ಲೋಕವೇ ಇಲ್ಲ. ಮ್ಯಾಚ್ ಮುಗಿದ ತಕ್ಷಣ ಮೊಬೈಲಿನಲ್ಲಿ ಸಿಕ್ಕ ವರದಿಯನ್ನೆಲ್ಲ ಓದುತ್ತಾನೆ, ಇಂಗ್ಲಿಷಿನಲ್ಲೇ, ಯಾಕಂದ್ರೆ ಕನ್ನಡದಲ್ಲಿ ಬರೋ ತನಕ ಅವನಿಗೆ ತಡೆಯೋಕಾಗಲ್ಲ. ನೋಟ್‌ಬುಕ್ಕು ಗೀಟ್‌ಬುಕ್ಕು ಏನೂ ಇಲ್ಲ. ಹೋದ ತಿಂಗಳು ಸುಮ್ನೆ ಇಬ್ಬರನ್ನೂ ಕೂರಿಸಿ, ಅವರವರು ಓದಿದ್ದರಿಂದಲೇ ಹತ್ತು ಹತ್ತು ಪದ ಕೇಳಿದೆ. ಶಿಸ್ತಿನವನು ಮೂರು ಹೇಳಿದ. ಕ್ರಿಕೆಟ್ಟಿನವನು ಏಳು. ಅದೂ ಬರೀ ಆಟದ ಪದ ಅಲ್ಲ, 'ಕೊಲ್ಯಾಪ್ಸ್', 'ಕನ್ಸಿಸ್ಟೆಂಟ್', 'ರಿಲಕ್ಟೆಂಟ್' ಎಲ್ಲ ಇದ್ದವು.

ಹಾಗಾದ್ರೆ ಆಸಕ್ತಿಯೇ ಎಲ್ಲ ಅನ್ನೋಣ ಅಂದ್ರೆ ಇನ್ನೊಬ್ಬಳು ಅಡ್ಡ ಬರುತ್ತಾಳೆ. ಅವಳಿಗೆ ಬಾಹ್ಯಾಕಾಶ ಅಂದ್ರೆ ಪ್ರಾಣ. ಚಂದ್ರಯಾನ-3 ಇಳಿದ ದಿನ, 2023ರ ಆಗಸ್ಟ್ 23, ಇವತ್ತಿಗೂ ಗಂಟೆ ಸಮೇತ ಹೇಳುತ್ತಾಳೆ. ಅದರ ಮೇಲೆ ಒಂದು ಇಂಗ್ಲಿಷ್ ಲೇಖನ ಕೊಟ್ಟೆ. ಅರ್ಧ ಗಂಟೆ ಕೂತಳು, ಚಿತ್ರ ನೋಡಿದಳು, ಆಮೇಲೆ ಹಾಳೆ ಮಡಚಿ ವಾಪಸ್ ಕೊಟ್ಟಳು. ಒಂದು ಸಾಲಿನಲ್ಲಿ ನಾಲ್ಕು ಪದ ಗೊತ್ತಿಲ್ಲ ಸರ್ ಅಂದಳು. ಒಂದೇ ಒಂದು ಹೊಸ ಪದ ಉಳಿದಿರಲಿಲ್ಲ. ಆಸಕ್ತಿಗೇನು ಕಡಿಮೆ ಇತ್ತು?

ನಿಮ್ಮ ಅನುಭವ ಹೇಗೆ?

ರೊಟ್ಟಿ_ಪುಂಡಿಪಲ್ಯ, ಕಲಬುರಗಿ

ಆ ಕ್ರಿಕೆಟ್ ಹುಡುಗ ಇಪ್ಪತ್ತು ವರ್ಷದ ಹಿಂದಿನ ನಾನೇ. ಇಲ್ಲಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಹಳೇ ಕ್ರೀಡಾ ಪತ್ರಿಕೆ ರದ್ದಿ ರೇಟಿಗೆ ಸಿಗುತ್ತಿದ್ದವು, ಅದರಲ್ಲೇ ಇಂಗ್ಲಿಷ್ ಕಲಿತೆ. ಆದರೆ ಒಂದು ಅಪಾಯ ಹೇಳ್ತೀನಿ ಕೇಳಿ. ಮದುವೆಯಾದ ಮೇಲೆ ಹೆಂಡತಿಗೆ ಒಂದು ಇಂಗ್ಲಿಷ್ ಅರ್ಜಿ ತುಂಬುತ್ತಿದ್ದೆ. ಅದರಲ್ಲಿ 'ಮೇಡನ್ ನೇಮ್' ಅಂತ ಒಂದು ಕಾಲಂ. ನನಗೆ ಗೊತ್ತಿದ್ದ ಮೇಡನ್ ಒಂದೇ, ರನ್ ಕೊಡದ ಓವರ್. ಸೊನ್ನೆ ಅಂತಲೇ ಇರಬೇಕು ಅಂದುಕೊಂಡು ಖಾಲಿ ಬಿಟ್ಟೆ. ಮದುವೆಗೆ ಮುಂಚಿನ ಹೆಸರು ಕೇಳಿದ್ದರಂತೆ. ಅರ್ಜಿ ವಾಪಸ್ ಬಂತು, ಹೆಂಡತಿ ಇವತ್ತಿಗೂ ಬಿಟ್ಟಿಲ್ಲ.

ಕಡಗಂಚಿ_ಬಸ್, ಆಳಂದ ರೋಡ್

ಭಾಷಾವಿಜ್ಞಾನ ಓದುತ್ತಿದ್ದೇನೆ, ಇದು ನನ್ನ ಇಷ್ಟದ ವಿಷಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಪದ ಕಲಿಯಬೇಕು ಅಂತ ಕೂರದೆ, ಕಥೆಗೋ ಸುದ್ದಿಗೋ ಓದುವಾಗ ದಾರಿಯಲ್ಲಿ ಸಿಕ್ಕಿ ಅಂಟಿಕೊಳ್ಳುವ ಪದಗಳ ಬಗ್ಗೆ ತುಂಬಾ ಸಂಶೋಧನೆ ಆಗಿದೆ. ಸರ್ ಕೇಳಿದ ಪ್ರಶ್ನೆಯನ್ನೇ ನೇರವಾಗಿ ಪರೀಕ್ಷೆ ಮಾಡಿದವರೂ ಇದ್ದಾರೆ. ಕೊರಿಯಾದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ 135 ವಿದ್ಯಾರ್ಥಿಗಳ ಮೇಲೆ ಮಾಡಿದ ಕೆಲಸ, 2017ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರಿಗೂ ಇಷ್ಟದ ವಿಷಯದ ಮೇಲೆ ಒಂದು ಓದು, ಇಷ್ಟವಿಲ್ಲದ ವಿಷಯದ ಮೇಲೆ ಇನ್ನೊಂದು. ಓದಿದ ಕೂಡಲೇ ಒಂದು ಟೆಸ್ಟ್, ನಾಲ್ಕು ವಾರ ಬಿಟ್ಟು ಮತ್ತೊಂದು. ಇಷ್ಟದ ವಿಷಯದಿಂದ ಬಂದ ಪದಗಳೂ ಜಾಸ್ತಿ, ನಾಲ್ಕು ವಾರದ ಮೇಲೆ ಉಳಿದವೂ ಜಾಸ್ತಿ. ಹಾಗೇ ಇಂಗ್ಲಿಷ್ ಮಟ್ಟ ಮೇಲಿದ್ದವರಿಗೂ ಕೆಳಗಿದ್ದವರಿಗಿಂತ ಜಾಸ್ತಿ ಪದ ಬಂದವು. ಅಂದ್ರೆ ಆಸಕ್ತಿ, ಭಾಷೆ ಎರಡೂ ಬೇಕು. ಇದರಲ್ಲಿ ನನಗೆ ಹಿಡಿಸಿದ್ದು ಬೇರೆ: ಆ ವಿಷಯ ಮೊದಲೇ ಎಷ್ಟು ಗೊತ್ತಿತ್ತು ಅನ್ನೋದನ್ನು ಆಸಕ್ತಿಯ ಜೊತೆ ಕಲಸದೆ ಬೇರೆಯಾಗಿ ಲೆಕ್ಕ ಹಾಕಿದ್ದರು. ಯಾಕಂದ್ರೆ ಕ್ರಿಕೆಟ್ ಹುಡುಗನಿಗೆ ಆಸಕ್ತಿಯೂ ಇದೆ, ವಿಷಯವೂ ಗೊತ್ತು. 'ಕೊಲ್ಯಾಪ್ಸ್' ಅಂದಾಗ 40ಕ್ಕೆ 2 ಇದ್ದದ್ದು 58ಕ್ಕೆ 7 ಆಗಿದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ. ಅರ್ಥ ಊಹಿಸೋಕೆ ಬೇರೆ ಡಿಕ್ಷನರಿ ಯಾಕೆ?

ಈಗ ಆ ಹುಡುಗಿಯ ಕಥೆ. ಓದಿನಲ್ಲಿ ಎಷ್ಟು ಪದ ಗೊತ್ತಿದ್ದರೆ ಉಳಿದದ್ದನ್ನು ಊಹಿಸಬಹುದು ಅನ್ನೋದಕ್ಕೆ ಒಂದು ಲೆಕ್ಕ ಇದೆ. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತೆ ಅವರ ಜೊತೆಯವರು 2000ದಲ್ಲಿ ಮಾಡಿದ ಕೆಲಸದಲ್ಲಿ, ಯಾರ ಸಹಾಯವೂ ಇಲ್ಲದೆ ಆರಾಮಾಗಿ ಅರ್ಥ ಆಗಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು ಅಂತ ಬಂತು. ನೂರಕ್ಕೆ 80 ಗೊತ್ತಿದ್ದಾಗ ಒಬ್ಬರಿಗೂ ಸರಿಯಾಗಿ ಅರ್ಥ ಆಗಲಿಲ್ಲ. ಅದಕ್ಕೂ ಮುಂಚೆ ಇಸ್ರೇಲಿನ ಬಟಿಯಾ ಲಾಫರ್ 95 ಸಾಕು ಅಂದಿದ್ದರು. ಪುಟಕ್ಕೆ 250 ಪದ ಅಂತ ಇಟ್ಟುಕೊಳ್ಳಿ. 98 ಅಂದ್ರೆ ಪುಟಕ್ಕೆ ಐದು ಪದ ಮಾತ್ರ ಗೊತ್ತಿಲ್ಲ. 95 ಅಂದ್ರೆ ಹನ್ನೆರಡು ಹದಿಮೂರು. ಆ ಹುಡುಗಿಗೆ ಒಂದು ಸಾಲಿಗೇ ನಾಲ್ಕು! ಅದು ಓದಲ್ಲ, ಕಲ್ಲು ಒಡೆಯೋ ಕೆಲಸ. ಆಸಕ್ತಿ ಎಷ್ಟಿದ್ದರೂ ಅಲ್ಲಿ ಹಿಡಿಯೋಕೆ ಹಗ್ಗವೇ ಇಲ್ಲ.

ಸುರಪುರದ_ಗುಡ್ಡ, ಯಾದಗಿರಿ ಜಿಲ್ಲೆ

ಕಲ್ಲು ಒಡೆಯೋ ಕೆಲಸ ಅಂದ್ರಲ್ಲ, ನಾನು ಒಡೆದಿದ್ದೇನೆ.

ನಮ್ಮೂರಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ, ಗೊತ್ತಲ್ವಾ. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದವರು. ಚಿಕ್ಕ ವಯಸ್ಸಿನ ರಾಜಾ ವೆಂಕಟಪ್ಪ ನಾಯಕ ಅವರನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. ಇದನ್ನೆಲ್ಲ ಸಣ್ಣವನಿದ್ದಾಗಿಂದ ಕೇಳಿ ಬೆಳೆದವನು ನಾನು. ಡಿಗ್ರಿಯಲ್ಲಿದ್ದಾಗ ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಸಿಕ್ಕಿತು. ನಮ್ಮ ಗುಡ್ಡ, ನಮ್ಮ ಕೆರೆ, ನಮ್ಮ ರಾಜ, ಇದಕ್ಕಿಂತ ಆಸಕ್ತಿ ಬೇಕಾ? ಹಟ ಹಿಡಿದು ಕೂತೆ. ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷು, ಒಂದೊಂದು ವಾಕ್ಯ ಸುರಪುರದಿಂದ ಶಹಾಪುರದ ತನಕ.

ಅದರಲ್ಲಿ 'ಟ್ರಿಬ್ಯೂಟ್' ಪದ ಬರುತ್ತಿತ್ತು. ನನಗೆ ಗೊತ್ತಿದ್ದ ಟ್ರಿಬ್ಯೂಟ್ ಟಿವಿಯದ್ದು, ಯಾರಾದರೂ ದೊಡ್ಡವರು ತೀರಿಕೊಂಡಾಗ ಹಾಕುತ್ತಾರಲ್ಲ, ಅದು. ಹೀಗಾಗಿ ಸುರಪುರದವರು ನಿಜಾಮರಿಗೆ ವರ್ಷ ವರ್ಷ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದರು, ಅದೂ ಬಾಕಿ ಉಳಿಸಿಕೊಂಡಿದ್ದರು ಅಂತ ಓದುತ್ತಾ ಹೋದೆ. ಬಾಕಿ ಅನ್ನೋ 'ಅರಿಯರ್ಸ್' ಮಾತ್ರ ಸರಿಯಾಗಿ ಗೊತ್ತಿತ್ತು, ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರು, ಮನೆಯಲ್ಲಿ ಡಿಎ ಅರಿಯರ್ಸ್ ಮಾತು ಊಟದಷ್ಟೇ ಸಾಮಾನ್ಯ. ಶ್ರದ್ಧಾಂಜಲಿಯ ಅರಿಯರ್ಸ್ ಹೇಗೆ ಉಳಿಯುತ್ತೆ ಅಂತ ಅನುಮಾನ ಬಂದ ಮೇಲೆ ಡಿಕ್ಷನರಿ ತೆಗೆದೆ. ಕಪ್ಪಕಾಣಿಕೆ! ಅವತ್ತು ಕಲಿತ ಪದ ಸಾಯೋ ತನಕ ಮರೆಯಲ್ಲ. ಆದರೆ ಖರೇ ಹೇಳಬೇಕಂದ್ರೆ ಇಡೀ ಪುಸ್ತಕದಿಂದ ನನಗೆ ಹಾಗೆ ಉಳಿದದ್ದು ಹತ್ತಿಪ್ಪತ್ತು ಪದ. ಎರಡು ತಿಂಗಳು ತೆಗೆದುಕೊಂಡೆ. ಅದೇ ಎರಡು ತಿಂಗಳು ಸುಲಭದ್ದು ಓದಿದ್ದರೆ ಎಷ್ಟೋ ಜಾಸ್ತಿ ಬರುತ್ತಿತ್ತು ಅನ್ನಿಸುತ್ತೆ ಈಗ.

ರೊಟ್ಟಿ_ಪುಂಡಿಪಲ್ಯ, ಕಲಬುರಗಿ

ಶ್ರದ್ಧಾಂಜಲಿ ಅರಿಯರ್ಸ್ 😂😂 ನನ್ನ ಮೇಡನ್ ಏನೂ ಅಲ್ಲ ಬಿಡ್ರಿ.

ನೇರ_ಮಾತು, ಬೀದರ್

ಎಲ್ಲರೂ ಕಥೆ ಹೇಳುತ್ತಿದ್ದೀರಿ, ಚೆನ್ನಾಗಿದೆ. ಆದರೆ ಪರೀಕ್ಷೆಗೆ ಮೂರು ತಿಂಗಳಿರೋ ಹುಡುಗನಿಗೆ ಆರಾಮಾಗಿ ಓದು, ಪದ ತಾನಾಗೇ ಬರುತ್ತೆ ಅಂತ ಹೇಳೋದು ಮೋಸ. ನಾನು ಸ್ಪರ್ಧಾತ್ಮಕ ಪರೀಕ್ಷೆ ಬರೆದವನು. ಪಟ್ಟಿ ಮಾಡಿ, ಚೀಟಿ ಮಾಡಿ, ಬಸ್ಸಲ್ಲಿ ಬಾಯಿಪಾಠ ಮಾಡಿ ಪಾಸಾದೆ. ಇಷ್ಟದ್ದು ಓದುತ್ತಾ ಕೂರೋದಕ್ಕೆ ಮನೆಯಲ್ಲಿ ಅನ್ನ ಇರಬೇಕು, ಪುಸ್ತಕ ಇರಬೇಕು, ಟೈಮ್ ಇರಬೇಕು. ನಮ್ಮ ಕಡೆ ಎಷ್ಟು ಮನೆಯಲ್ಲಿದೆ?

ಕಡಗಂಚಿ_ಬಸ್, ಆಳಂದ ರೋಡ್

ಇವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿ ಇದೆ, ಅಲ್ಲಗಳೆಯಲ್ಲ. ಜಪಾನಿನಲ್ಲಿ ವೇರಿಂಗ್ ಮತ್ತು ತಕಾಕಿ ಅನ್ನೋರು ಒಂದು ಸುಲಭ ಇಂಗ್ಲಿಷ್ ಪುಸ್ತಕದಲ್ಲಿ 25 ಪದಗಳ ಜಾಗದಲ್ಲಿ ತಾವೇ ಸೃಷ್ಟಿಸಿದ ಪದ ಇಟ್ಟು ಓದಿಸಿದರು. ಓದಿ ಮುಗಿಸಿದ ಕೂಡಲೇ ಅರ್ಥ ಹೇಳಿ ಅಂದ್ರೆ ಸರಾಸರಿ ನಾಲ್ಕೈದು ಪದ. ಮೂರು ತಿಂಗಳ ಮೇಲೆ ಕೇಳಿದರೆ ಒಂದು. ಇಪ್ಪತ್ತೈದಕ್ಕೆ ಒಂದು! ಎಂಟು ಸಲಕ್ಕಿಂತ ಕಡಿಮೆ ಕಂಡ ಪದಗಳಂತೂ ಹೆಚ್ಚು ಕಡಿಮೆ ಉಳಿಯಲೇ ಇಲ್ಲ. ಇದು 2003ರ ಮಾತು.

ಹಾಗಾಗಿ ಒಂದು ಪುಸ್ತಕ ಓದಿ ಪದ ಬಂದುಬಿಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದೇ ಪದ ಮತ್ತೆ ಮತ್ತೆ ಎದುರಾಗಬೇಕು. ಆದರೆ ಮತ್ತೆ ಮತ್ತೆ ಓದೋಕೆ ಯಾರು ಬರುತ್ತಾರೆ? ಇಷ್ಟ ಇದ್ದವನು ಮಾತ್ರ. ಸಂಪಾದಕೀಯದ ಹುಡುಗ ದಿನಕ್ಕೊಂದು ಬೇರೆ ವಿಷಯ ಓದುತ್ತಾನೆ, ಇವತ್ತು ಬ್ಯಾಂಕು, ನಾಳೆ ಯುದ್ಧ, ನಾಡಿದ್ದು ನದಿ ನೀರು. ಇವತ್ತು ಗೆರೆ ಎಳೆದ ಪದ ಇನ್ನೊಂದು ಸಲ ಬರೋದು ಯಾವತ್ತೋ. ಕ್ರಿಕೆಟ್ಟಿನವನಿಗೆ 'ಕೊಲ್ಯಾಪ್ಸ್' ವಾರಕ್ಕೆ ಎರಡು ಸಲ ಬರುತ್ತೆ, ನಮ್ಮ ತಂಡದ ಪುಣ್ಯ.

ಚೀಟಿ ಪದ್ಧತಿ ತಪ್ಪೇನಲ್ಲ. ಚೀಟಿಯಲ್ಲಿ ಕಲಿತ ಪದ ಓದಿನಲ್ಲಿ ಎದುರಾದಾಗ ಗಟ್ಟಿಯಾಗುತ್ತೆ. ಒಂದನ್ನು ಬಿಟ್ಟು ಇನ್ನೊಂದು ಅಂತ ಜಗಳ ಯಾಕೆ?

ಬೀದರ್_ಸಿಸ್ಟರ್, ಬೀದರ್

ನಾನು ನರ್ಸಿಂಗ್ ಮುಗಿಸಿ ಜರ್ಮನ್ ಕಲಿಯುತ್ತಿದ್ದೇನೆ, ಅಲ್ಲಿ ಕೆಲಸಕ್ಕೆ ಹೋಗೋ ಆಸೆ. ಮೊದಲು ಸೇರಿದ ಒಂದು ಕಡೆ ದಿನಕ್ಕೆ ಮೂವತ್ತು ಪದ ಬಾಯಿಪಾಠ. ಪ್ರತಿ ಪದಕ್ಕೂ ಅದರ ಲಿಂಗದ ಪ್ರಕಾರ ಮುಂದೆ ಡೇರ್, ಡೀ, ದಾಸ್ ಯಾವುದು ಅಂತ ಬೇರೆ. ಪಾಠದಲ್ಲಿ ಏನಿರುತ್ತಿತ್ತು ಅಂದ್ರೆ ಹಿಮದಲ್ಲಿ ಜಾರೋ ಆಟ, ಬೆಟ್ಟ ಹತ್ತೋಕೆ ಬೇಕಾದ ಸಾಮಾನು. ಮೇ ತಿಂಗಳ ಬೀದರಿನಲ್ಲಿ ಕೂತು ಹಿಮದ ಬೂಟಿನ ಹೆಸರು ಕಲಿತೆ. ಒಂದೂ ನೆನಪಿಲ್ಲ.

ಆಮೇಲೆ ಒಬ್ಬ ಸೀನಿಯರ್ ಅಕ್ಕ ಅಲ್ಲಿಂದ ಆಸ್ಪತ್ರೆಯ ಕರಪತ್ರಗಳ ಫೋಟೋ ಕಳಿಸೋಕೆ ಶುರು ಮಾಡಿದಳು. ರೋಗಿಗಳಿಗೆ ಕೊಡೋವು, ಸಣ್ಣ ಸಣ್ಣ ವಾಕ್ಯ. ಅಲ್ಲಿಗೆ ನನ್ನ ಕಣ್ಣು ತೆರೆಯಿತು. 'ಕ್ರಾಂಕ್' ಅಂದ್ರೆ ಕಾಯಿಲೆ ಬಿದ್ದವರು. 'ಕ್ರಾಂಕೆನ್‌ಹೌಸ್' ಅಂದ್ರೆ ಕಾಯಿಲೆಯವರ ಮನೆ, ಆಸ್ಪತ್ರೆ. 'ಕ್ರಾಂಕೆನ್‌ವಾಗನ್' ಕಾಯಿಲೆಯವರ ಗಾಡಿ, ಆಂಬ್ಯುಲೆನ್ಸ್. 'ಬ್ಲೂಟ್‌ಡ್ರುಕ್' ಅಂತ ಇತ್ತು, ಪಕ್ಕದಲ್ಲಿ 140/90 ಅಂತ ಬರೆದಿತ್ತು. ಅರ್ಥ ಯಾರೂ ಹೇಳಬೇಕಾಗಿಲ್ಲ, ಅಲ್ವಾ? ದಿನಾ ಬಿಪಿ ನೋಡೋ ಕೈ ಇದು.

ಇದು ಆಸಕ್ತಿಯಾ, ಮೊದಲೇ ಗೊತ್ತಿದ್ದದ್ದಾ, ನನಗೆ ಬೇರೆ ಮಾಡೋಕೆ ಬರಲ್ಲ. ಆದರೆ ಜರ್ಮನ್ ಶುರು ಮಾಡಿದ ಮೊದಲ ವಾರವೇ ಈ ಕರಪತ್ರ ಕೊಟ್ಟಿದ್ದರೆ ನಾನೂ ಆ ಹುಡುಗಿಯ ಹಾಗೆ ಮಡಚಿ ವಾಪಸ್ ಕೊಡುತ್ತಿದ್ದೆ. ನಾಲ್ಕು ತಿಂಗಳ ಬಾಯಿಪಾಠದಲ್ಲಿ ಹಿಮದ ಬೂಟು ಹೋದರೂ 'ಮತ್ತು', 'ಆದರೆ', 'ದಿನಕ್ಕೆ', 'ಊಟದ ಮುಂಚೆ' ಇಂಥವು ಉಳಿದಿದ್ದವು. ಅವೇ ಕಾಪಾಡಿದವು. ಅದಕ್ಕೆ ಬೈದರೂ ಪೂರ್ತಿ ಬೈಯೋಕಾಗಲ್ಲ.

ಹಳೇ_ಗುಮಾಸ್ತ, ಚಿಂಚೋಳಿ

ನನ್ನದು ಇಂಗ್ಲಿಷೂ ಅಲ್ಲ, ಜರ್ಮನ್ನೂ ಅಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಉರ್ದು ಓದೋಕೆ ಕಲಿತೆ. ಕಾರಣ ಜಮೀನು. ಅಪ್ಪನ ಟ್ರಂಕಿನಲ್ಲಿದ್ದ ಕಾಗದಗಳೆಲ್ಲ ನಿಜಾಮರ ಕಾಲದವು, ಎಲ್ಲ ಉರ್ದು. ಓದಿಸೋಕೆ ಪ್ರತಿ ಸಲ ಯಾರ ಹತ್ತಿರವಾದರೂ ಹೋಗಬೇಕು, ಅವರು ಹೇಳಿದ್ದೇ ವೇದವಾಕ್ಯ. ಸಾಕಾಗಿ ಒಬ್ಬ ಮೌಲ್ವಿ ಸಾಹೇಬರ ಹತ್ತಿರ ಅಕ್ಷರ ಕಲಿತೆ.

ಮೊದಲ ಕಾಗದ ಓದಿದಾಗ ಅದರ ಮೇಲೆ ವರ್ಷ 1347 ಅಂತ ಇತ್ತು. ನನಗೆ ಎದೆ ಝಲ್ ಅಂತು. 1347 ಅಂದ್ರೆ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾದ ವರ್ಷ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ನಮ್ಮ ಹೊಲ ಹಸನ್ ಗಂಗೂನೇ ಬರೆದುಕೊಟ್ಟಿದ್ದಾನಾ ಅಂತ! ಮೌಲ್ವಿಗಳು ಹೊಟ್ಟೆ ಹಿಡಿದು ನಕ್ಕರು. ಅದು ಫಸಲಿ ವರ್ಷ, ನಿಜಾಮರ ಕಾಲದ ಕಂದಾಯದ ಲೆಕ್ಕದ್ದು, 590 ಕೂಡಿಸಿಕೊಳ್ಳಬೇಕು, 1937 ಆಗುತ್ತೆ ಅಂದರು. ನಮ್ಮ ತಾತನ ಕಾಲ.

ಈಗ ನಿಮ್ಮ ಚರ್ಚೆಗೆ ಬರುತ್ತೇನೆ. ಮೂರು ತಿಂಗಳಲ್ಲಿ ಆ ಕಾಗದಗಳನ್ನು ಓದುವಷ್ಟಾದೆ. ನಾನೇನು ಬುದ್ಧಿವಂತ ಅಂತಲ್ಲ. ಅಕ್ಷರ ಬಿಡಿಸಿದರೆ ಸಾಕು, ಒಳಗಿರೋ ಪದ ಅರ್ಧ ನಮ್ಮವೇ. ಜಮೀನು, ತಾಲೂಕು, ಜಿಲ್ಲೆ, ಪಟ್ಟಾ, ದಾಖಲೆ, ತಕರಾರು, ಹಕ್ಕು. ಉರ್ದು ಕಲಿಯೋಕೆ ಮುಂಚೆಯೇ ನಮ್ಮ ಕಡೆಯವರಿಗೆ ಇಷ್ಟು ಬಂಡವಾಳ ಇದೆ. ಗೊತ್ತಿಲ್ಲದ್ದು ಕೆಲವೇ. 'ವಲ್ದ್' ಅಂತ ಪ್ರತಿ ಹೆಸರಿನ ಮುಂದೆ ಬರುತ್ತಿತ್ತು, ಆ ಕಡೆ ಮಗನ ಹೆಸರು, ಈ ಕಡೆ ಅಪ್ಪನ ಹೆಸರು. ಕೇಳದೇ ಗೊತ್ತಾಯಿತು, ಇಂಥವರ ಮಗ ಅಂತ. 'ಮೌಜಾ' ಆದ ಮೇಲೆ ಊರಿನ ಹೆಸರು. 'ರಕ್ಬಾ' ಆದ ಮೇಲೆ ಎಕರೆ ಗುಂಟೆ. ಹತ್ತು ಕಾಗದದಲ್ಲಿ ಹತ್ತು ಸಲ ಅದೇ ಪದ, ಅದೇ ಜಾಗ. ಎಂಟು ಸಲ ಅಂದ್ರಲ್ಲ ಕಡಗಂಚಿಯವರು, ನನಗೆ ಅದು ಸರಿ ಅನ್ನಿಸಿತು.

ಆದರೆ ಉರ್ದು ದಿನಪತ್ರಿಕೆ ಕೈಗೆತ್ತಿಕೊಂಡರೆ ಇವತ್ತಿಗೂ ಎರಡನೇ ಸಾಲಿಗೆ ನಿಲ್ಲುತ್ತೇನೆ. ಹೊಲದ ಉರ್ದು ಮಾತ್ರ ನನ್ನದು.

ಸಂಜೆ_ಟ್ಯೂಷನ್, ಕಲಬುರಗಿ

'ಹೊಲದ ಉರ್ದು ಮಾತ್ರ ನನ್ನದು', ಈ ಮಾತು ಇಡೀ ರಾತ್ರಿ ತಲೆಯಲ್ಲಿ ಓಡಿತು ಸಾಹೇಬರೇ. ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಶಿಸ್ತಿನ ಹುಡುಗನಿಗೆ ಸಂಪಾದಕೀಯ ಓದು ಅಂತ ಹೇಳಿದ್ದು ನಾನೇ. ಅವನಿಗೆ ಏನಿಷ್ಟ ಅಂತ ಒಂದು ದಿನವೂ ಕೇಳಿಲ್ಲ. ಮಾತು ಕೇಳೋ ಹುಡುಗರಿಗೆ ನಾವು ಮಾಡೋ ಅನ್ಯಾಯ ಇದು. ಮಾತು ಕೇಳದವನು ತನಗೆ ಬೇಕಾದ್ದನ್ನು ಓದಿಕೊಂಡು ಮುಂದೆ ಹೋದ.

ಇವತ್ತು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ 'ಹೊಲ' ಅಂದ. ಸೇಡಂ ಕಡೆಯವನು, ತೊಗರಿ ಬೆಳೆಯೋ ಮನೆ. ಹೊಲದ ಬಗ್ಗೆ ಹತ್ತನೇ ಕ್ಲಾಸಿನವನು ಓದೋ ಮಟ್ಟದ ಇಂಗ್ಲಿಷ್ ಎಲ್ಲಿ ಸಿಗುತ್ತೆ? ಯಾರಿಗಾದರೂ ಗೊತ್ತಾ?

ತೊಗರಿ_ಕಣಜ, ಚಿತ್ತಾಪುರ

ನಾನು ಕೃಷಿ ಓದಿದವಳು. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಅನ್ನೋ ಬೆಳೆ ಸಂಶೋಧನಾ ಸಂಸ್ಥೆ ಇದೆ, 1972ರಲ್ಲಿ ಶುರುವಾದದ್ದು, ತೊಗರಿ ಮೇಲೆ ದೊಡ್ಡ ಕೆಲಸ ಮಾಡುತ್ತಾರೆ. ಅವರ ಬರಹ ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿನಲ್ಲೇ ಸಿಗುತ್ತೆ, ಆದರೆ ವಿಜ್ಞಾನಿಗಳಿಗೆ ಬರೆದದ್ದು ಕೊಡಬೇಡಿ, ಸಂಪಾದಕೀಯಕ್ಕಿಂತ ಕಷ್ಟ ಆಗುತ್ತೆ. ರೋಗದ ಚಿತ್ರ ಇರುವ, ಕೆಳಗೆ ಎರಡು ಮೂರು ಸಾಲು ಇರುವ ಪುಟ ಆರಿಸಿ. ಅಷ್ಟೂ ಕಷ್ಟ ಅನ್ನಿಸಿದರೆ ನೀವೇ ವಾಕ್ಯ ಚಿಕ್ಕದು ಮಾಡಿ ಬರೆದುಕೊಡಿ, ರೋಗದ ಹೆಸರು ಮಾತ್ರ ಹಾಗೇ ಇರಲಿ.

'ವಿಲ್ಟ್' ಅಂದ್ರೆ ನಮ್ಮ ನೆಟೆ ರೋಗ. ಗಿಡ ಬಾಡಿ ನಿಂತಿರೋ ಚಿತ್ರ ನೋಡಿದರೆ ರೈತನ ಮಗನಿಗೆ ಮತ್ತೇನು ಬೇಕು. 'ಪಾಡ್ ಬೋರರ್' ಕಾಯಿಕೊರಕ. ನನಗೆ ಓದುವಾಗ ತುಂಬಾ ಹಿಡಿಸಿದ ಪದ 'ಸ್ಟೆರಿಲಿಟಿ ಮೊಸಾಯಿಕ್'. ಗಿಡ ಹಸಿರಾಗಿ ಪೊದೆಯಾಗಿ ಬೆಳೆಯುತ್ತೆ, ಹೂವಿಲ್ಲ, ಕಾಯಿಲ್ಲ. ಊರಲ್ಲಿ ಗೊಡ್ಡು ರೋಗ ಅಂತೀವಲ್ಲ, ಅದೇ. ಹಾಗಾಗಿ ನನ್ನ ತಲೆಯಲ್ಲಿ 'ಸ್ಟೆರೈಲ್' ಅಂದ್ರೆ ಗೊಡ್ಡು ಅಂತ ಗಟ್ಟಿಯಾಗಿ ಕೂತಿತ್ತು. ಒಮ್ಮೆ ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಪೊಟ್ಟಣದ ಮೇಲೆ 'ಸ್ಟೆರೈಲ್' ಅಂತ ನೋಡಿ, ಗೊಡ್ಡು ಬ್ಯಾಂಡೇಜಾ ಅಂದುಕೊಂಡೆ.

ಬೀದರ್_ಸಿಸ್ಟರ್, ಬೀದರ್

ಅಯ್ಯೋ ನನಗೆ ಉಲ್ಟಾ! ಸ್ಟೆರೈಲ್ ಅಂದ್ರೆ ಕ್ರಿಮಿ ಇಲ್ಲದ್ದು ಅಂತಲೇ ದಿನಾ ಬಳಸೋದು, ಜರ್ಮನ್ನಿನಲ್ಲೂ ಅದೇ, 'ಶ್ಟೆರೀಲ್' ಅಂತಾರೆ. ಹೊಲದಲ್ಲಿ ಅದು ರೋಗದ ಹೆಸರು ಅಂತ ಇವತ್ತು ಗೊತ್ತಾಯಿತು. ಯೋಚನೆ ಮಾಡಿದರೆ ಎರಡೂ ಒಂದೇ ಅಲ್ವಾ, ಏನೂ ಹುಟ್ಟಲ್ಲ. ನಿಮ್ಮ ಗಿಡದಲ್ಲಿ ಕಾಯಿ ಹುಟ್ಟಲ್ಲ, ನನ್ನ ಬ್ಯಾಂಡೇಜಿನಲ್ಲಿ ಕ್ರಿಮಿ ಹುಟ್ಟಲ್ಲ.

ನೇರ_ಮಾತು, ಬೀದರ್

ಇದು ಮಾತ್ರ ಚೀಟಿಯಲ್ಲಿ ಸಿಗ್ತಿರಲಿಲ್ಲ. ಒಪ್ಪಿದೆ. ಪರೀಕ್ಷೆಗೆ ಮೂರು ತಿಂಗಳಿದ್ದರೆ ಆಗಲೂ ಚೀಟಿಯೇ ಅಂತೀನಿ.

ಸಂಜೆ_ಟ್ಯೂಷನ್, ಕಲಬುರಗಿ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಬಾಹ್ಯಾಕಾಶದ ಹುಡುಗಿಗೆ ಅದೇ ಚಂದ್ರಯಾನದ ವಿಷಯ, ಸಣ್ಣ ಮಕ್ಕಳಿಗೆ ಬರೆದ ಪುಟ ಕೊಟ್ಟೆ. ಮೊದಲು ಮುಖ ಸಿಂಡರಿಸಿದಳು, ಇದು ಐದನೇ ಕ್ಲಾಸಿನದ್ದು ಸರ್ ಅಂತ. ಓದುತ್ತಾ ಹೋದಳು. ಪುಟಕ್ಕೆ ನಾಲ್ಕೈದು ಪದ ಅಷ್ಟೇ ಸಿಕ್ಕಿಹಾಕಿಕೊಂಡವು. 'ಕ್ರೇಟರ್' ಯಾರೂ ಹೇಳದೇ ಹಿಡಿದಳು, ಗುಂಡಿ ಅಂತ. ನಮ್ಮ ರಸ್ತೆಯಲ್ಲೂ ಇದೆಯಲ್ಲ ಸರ್ ಅಂದಳು. ಈಗ ಅಂಥ ಇನ್ನೂ ನಾಲ್ಕು ಪುಟ ಕೇಳಿದ್ದಾಳೆ, ಹುಡುಕಬೇಕು.

ಕ್ರಿಕೆಟ್ಟಿನವನಿಗೆ ಏನೂ ಮಾಡಿಲ್ಲ. ಅವನನ್ನು ಅವನ ಪಾಡಿಗೆ ಬಿಡೋದೇ ಒಳ್ಳೇದು. ಮೇಡನ್ ನೇಮ್ ಮಾತ್ರ ಹೇಳಿಕೊಟ್ಟೆ, ಮುಂದೆ ಮದುವೆಯಾದರೆ ಬೇಕಾಗುತ್ತೆ.

ಶಿಸ್ತಿನ ಹುಡುಗನಿಗೆ ತೊಗರಿ ರೋಗದ ಪುಟ, ಚಿತ್ತಾಪುರದ ಅಕ್ಕ ಹೇಳಿದ ಹಾಗೆ ವಾಕ್ಯ ಚಿಕ್ಕದು ಮಾಡಿ ಕೊಟ್ಟೆ. ಅಭ್ಯಾಸಬಲ, ಕೆಂಪು ಪೆನ್ನು ತೆಗೆದ. 'ವಿಲ್ಟ್' ಕೆಳಗೆ ಗೆರೆ ಎಳೆಯೋಕೆ ಹೋಗಿ ಚಿತ್ರ ನೋಡಿದ, ಪೆನ್ನು ಹಾಗೇ ನಿಂತಿತು. 'ಇದು ನೆಟೆ. ಹೋದ ವರ್ಷ ನಮ್ಮ ಹೊಲಕ್ಕೂ ಬಿದ್ದಿತ್ತು' ಅಂದ. ಆಮೇಲೆ ಅರ್ಧ ಗಂಟೆ ಅವನು ನನಗೆ ಪಾಠ ಮಾಡಿದ, ಯಾವ ಕಡೆ ಬದುವಿನಿಂದ ಶುರುವಾಯಿತು, ಅಪ್ಪ ಏನು ಮಾಡಿದರು ಅಂತ. ಎರಡು ವರ್ಷದಲ್ಲಿ ಆ ಹುಡುಗ ಇಷ್ಟು ಮಾತಾಡಿದ್ದು ನಾನು ನೋಡಿಲ್ಲ.

ಕೊನೆಗೆ 'ಪಾಡ್ ಬೋರರ್' ಹತ್ತಿರ ಬಂದು ಬೆರಳಿಟ್ಟ. 'ಸರ್, ಬೋರರ್ ಅಂದ್ರೆ ಕೊರೆಯೋದು. ನಮ್ಮ ಬೋರ್‌ವೆಲ್ ಇದೆಯಲ್ಲ, ಅದೇ ಬೋರ್' ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಹಾಗಾದ್ರೆ ಸಂಪಾದಕೀಯ ಬೋರ್ ಆಗುತ್ತೆ ಅಂತೀವಲ್ಲ ಸರ್, ಅದೂ ತಲೆ ಕೊರೆಯೋದೇ ಇರಬೇಕು' ಅಂತ ತಲೆ ತಗ್ಗಿಸಿಕೊಂಡೇ ನಕ್ಕ.